ಶಾಖಾ ರೈಲುಮಾರ್ಗದ ಲಾಭ-ನಷ್ಟ: ತಾಳಗುಪ್ಪ ಮಾರ್ಗದ ಒಂದು ಅಧ್ಯಯನ

ಶಾಖಾ ರೈಲುಮಾರ್ಗವೊಂದು ನಷ್ಟದಲ್ಲಿದೆ ಎಂಬ ಮಾತನ್ನು ಒಪ್ಪುವ ಮುನ್ನ ಆ ನಷ್ಟವನ್ನು ಹೇಗೆ ಲೆಕ್ಕ ಹಾಕಲಾಗಿದೆ ಎಂಬುದನ್ನು ಪರಿಶೀಲಿಸುವುದು ಅವಶ್ಯ. ಶಿವಮೊಗ್ಗ-ತಾಳಗುಪ್ಪ ಮಾರ್ಗ ಇದಕ್ಕೆ ತಕ್ಕ ನಿದರ್ಶನ.

ಬೀರೂರು-ಶಿವಮೊಗ್ಗ ಮಾರ್ಗವು 1899ರಲ್ಲಿ ಆರಂಭವಾಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆಗೆ ತೊಡಗಿದ ಮೇಲೆ ಅದಕ್ಕೆ ಸರಕಿನ ಆಧಾರ ದೊರೆಯಿತು. ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೂಲಕ 1940ರಲ್ಲಿ ತಾಳಗುಪ್ಪ ತಲುಪಿದ ಹಳಿಗೆ ಅಂತಹ ಆಸರೆಯಿಲ್ಲ. ಹಳ್ಳಿಗಳ ಪ್ರಯಾಣಿಕರು ಹಾಗೂ ಜೋಗಕ್ಕೆ ಹೋಗುವ ಪ್ರವಾಸಿಗಳೇ ಅದರ ಗಿರಾಕಿಗಳು. ಮೀಟರ್‌ಗೇಜ್ ಕಾಲದ ಕೊನೆಯ ವರ್ಷಗಳಲ್ಲಿ ಇಲ್ಲಿ ಓಡಿದ ರೈಲ್‌ಬಸ್ಸನ್ನು ಅನೇಕರು ಬರಿಯ ಕೌತುಕವೆಂದು ಕಂಡರು. ವಾಸ್ತವದಲ್ಲಿ ಅದು ಪ್ರಯಾಣಿಕರ ಸಂಖ್ಯೆಗೆ ತಕ್ಕಂತೆ ವೆಚ್ಚವನ್ನು ಇಳಿಸುವ ಕ್ರಮವಾಗಿತ್ತು.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಶಾಖೆಯ ವಾರ್ಷಿಕ ಆದಾಯ 60 ಲಕ್ಷ ರೂ.; ಅದರದೇ ನೇರ ವೆಚ್ಚ 50 ಲಕ್ಷ; ಕೇಂದ್ರ ಕಚೇರಿಯಿಂದ ಹಂಚಿಕೆಯಾಗಿ ಬಂದ ವೆಚ್ಚ 40 ಲಕ್ಷ. ಪುಸ್ತಕದಲ್ಲಿ 30 ಲಕ್ಷ ನಷ್ಟ. ಶಾಖೆಯನ್ನು ಮುಚ್ಚಿದರೆ ಉಳಿಯುವುದು 50 ಲಕ್ಷ ಮಾತ್ರ. ಹಂಚಿಕೆಯ ವೆಚ್ಚವು ಮಿಕ್ಕ ಮಾರ್ಗಗಳ ಹೆಗಲೇರುತ್ತದೆ. ಒಟ್ಟು ಸಂಸ್ಥೆಗೆ 10 ಲಕ್ಷ ನಷ್ಟವೇ! ಸಾಗರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗುವವನ ಟಿಕೆಟ್ ಹಣದ ಬಹುಭಾಗ ಮುಖ್ಯ ಮಾರ್ಗದ ಖಾತೆಗೆ ಜಮೆಯಾಗಿ, ಆತ ಬಸ್ಸಿಗೆ ಹೋದರೆ ಅದೂ ಕೈತಪ್ಪುತ್ತದೆ. ಯಾವುದೇ ಅಂಗಡಿಯ ಶಾಖೆಗೂ ಇದೇ ಸೂತ್ರ ಅನ್ವಯಿಸುತ್ತದೆ.

ಈ ಪ್ರಶ್ನೆಯನ್ನು ಜಪಾನ್ ಬೇರೆ ರೀತಿ ಎದುರಿಸಿತು. ಚಿಬಾ ಪ್ರಾಂತದಲ್ಲಿ ಮುಚ್ಚಲು ನಿಗದಿಯಾಗಿದ್ದ ಕಿಹಾರಾ ಶಾಖೆಯ 26.8 ಕಿ.ಮೀ. ಹಳಿಯನ್ನು 1988ರಲ್ಲಿ ಇಸುಮಿ ರೈಲ್ವೆ ಎಂಬ ಕಂಪನಿ ವಹಿಸಿಕೊಂಡಿತು. ಪ್ರಾಂತ ಸರ್ಕಾರ, ಸ್ಥಳೀಯ ಸಂಸ್ಥೆಗಳು ಹಾಗೂ ಖಾಸಗಿಯವರು ಅದರ ಪಾಲುದಾರರು. ಶಾಲಾ ಮಕ್ಕಳನ್ನು ಸಾಗಿಸುವುದರೊಂದಿಗೆ ಅದು ಪ್ರವಾಸಿಗಳನ್ನೂ ಸೆಳೆಯಿತು. 70 ಲಕ್ಷ ಯೆನ್ ತರಬೇತಿ ವೆಚ್ಚವನ್ನು ತಾವೇ ಭರಿಸುವ ಚಾಲಕ ಅಭ್ಯರ್ಥಿಗಳನ್ನು 2010ರಲ್ಲಿ ಆಹ್ವಾನಿಸಿತು. ಸ್ಥಳೀಯ ಸಂಸ್ಥೆಗಳು ಬಂಡವಾಳ ಹಾಕಿದ್ದಕ್ಕೆ ಕಾರಣವಿದೆ. ರೈಲು ತಂದ ಗಿರಾಕಿಯಿಂದ ಹೋಟೆಲಿಗೆ, ಅಂಗಡಿಗೆ ಬರುವ ಆದಾಯ ರೈಲ್ವೆಯ ಖಾತೆಯಲ್ಲಿ ಕಾಣುವುದಿಲ್ಲ. ಊರಿನ ಖಾತೆಯಲ್ಲಿ ಕಾಣುತ್ತದೆ.

‘ಮಾಲ್ಗುಡಿ ಡೇಸ್’ ಚಿತ್ರೀಕರಣಗೊಂಡ ಅರಸಾಳು ನಿಲ್ದಾಣದಲ್ಲಿ 2020ರಲ್ಲಿ ವಸ್ತುಸಂಗ್ರಹಾಲಯ ತೆರೆದದ್ದು ಒಳ್ಳೆಯ ಹೆಜ್ಜೆ. ಆದರೆ ತಾಳಗುಪ್ಪದಲ್ಲಿ ಇಳಿದವನು ಜೋಗ ಸೇರಲು ಮತ್ತೆ ರಸ್ತೆಯನ್ನೇ ಹಿಡಿಯಬೇಕು. ಆದುದರಿಂದ ಶಿವಮೊಗ್ಗ, ಭದ್ರಾವತಿ, ಸಾಗರಗಳ ವರ್ತಕರು ಹೊಸ ರೈಲಿಗಾಗಿ ಮನವಿ ಸಲ್ಲಿಸುವಾಗ ಪ್ರತಿ ನಿಲ್ದಾಣದ ಟಿಕೆಟ್ ಮಾರಾಟವನ್ನು ಗಮ್ಯಸ್ಥಾನವಾರು ಕೇಳಿ ಪಡೆಯುವುದು, ರೈಲಿನ ವೇಳೆಗೆ ಹೊಂದುವ ಜೋಗದ ಬಸ್ಸಿನ ವೇಳಾಪಟ್ಟಿಯನ್ನು ಅದರೊಂದಿಗೆ ಲಗತ್ತಿಸುವುದು ಸೂಕ್ತ.