ಗೌನಿಪಲ್ಲಿಯಿಂದ ಆಫ್ರಿಕಾಕ್ಕೆ ಒಂದು ವರ್ಷ

ಪ್ರಶ್ನೆ: ಈ ವರ್ಷ ಬಿ.ಎಸ್ಸಿ. ಮುಗಿಸಿದೆ. ಪದವಿ ಆದವರಿಗೆ ಆಫ್ರಿಕಾದಲ್ಲಿ ಒಂದು ವರ್ಷ ಸೇವೆ ಮಾಡಲು ಫೆಲೋಶಿಪ್ ಕೊಡುತ್ತಾರಂತೆ. ನಮ್ಮಂಥ ಊರಿನವರಿಗೂ ಸಿಗುತ್ತದೆಯೇ? ಮನೆಯಲ್ಲಿ ಹೆದರುತ್ತಿದ್ದಾರೆ.
– ಓದುಗರೊಬ್ಬರು, ಗೌನಿಪಲ್ಲಿ, ಶ್ರೀನಿವಾಸಪುರ ತಾಲ್ಲೂಕು

ದಾರಿ ಇದೆ. ಆದರೆ ನಿಮ್ಮ ಕಿವಿಗೆ ಬಿದ್ದಿರುವುದು ಬಹುಶಃ ‘ಪ್ರಿನ್ಸ್‌ಟನ್ ಇನ್ ಆಫ್ರಿಕಾ’ದ ಸುದ್ದಿ. 1999ರಲ್ಲಿ ಶುರುವಾದ ಅದು ಅಮೆರಿಕದ ಕಾಲೇಜುಗಳಲ್ಲಿ ಓದಿದವರಿಗಾಗಿ ಮಾಡಿದ್ದು. ‘ಪೀಸ್ ಕೋರ್’ ಅಂತೂ ಅಮೆರಿಕದ ಪ್ರಜೆಗಳಿಗೆ ಮಾತ್ರ. ಅವುಗಳ ಹಿಂದೆ ಬಿದ್ದು ದಿನ ಕಳೆಯಬೇಡಿ.

ನೀವು ನೋಡಬೇಕಾದದ್ದು ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ, ಅಂದರೆ ಯುಎನ್‌ವಿ. 1970ರಲ್ಲಿ ಹುಟ್ಟಿದ್ದು, ಕೇಂದ್ರ ಕಚೇರಿ ಜರ್ಮನಿಯ ಬಾನ್‌ನಲ್ಲಿ. 18ರಿಂದ 26 ವರ್ಷದವರಿಗೆ ಅಲ್ಲಿ ಯುವ ಸ್ವಯಂಸೇವಕರ ವಿಭಾಗವೇ ಇದೆ. ಸಂಬಳ ಇಲ್ಲ, ಜೀವನ ಭತ್ಯೆ ಉಂಟು, ವಿಮೆಯೂ ಉಂಟು. ಹೆಸರು ನೋಂದಾಯಿಸಲು ಒಂದು ಪೈಸೆ ಕೊಡಬೇಕಿಲ್ಲ. ‘ಆಫ್ರಿಕಾಕ್ಕೆ ಕಳಿಸುತ್ತೇವೆ, ಮೊದಲು ದುಡ್ಡು ಕಟ್ಟಿ’ ಎಂದು ಯಾರಾದರೂ ಯುಎನ್‌ವಿ ಹೆಸರು ಹೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ಪೈಪೋಟಿ ಮಾತ್ರ ಜೋರು. ಬರೀ ಪದವಿ ಪತ್ರ ಹಿಡಿದು ಹೋದರೆ ಸಾಲದು.

ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ? ರಾಗಿ ಇದೆ! ಮನೆಯಲ್ಲಿ ಮುದ್ದೆ ಅನ್ನುತ್ತೀರೋ ಸಂಗಟಿ ಅನ್ನುತ್ತೀರೋ, ಆ ರಾಗಿಯ ತವರು ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಹೊಲಕ್ಕೆ ಬಂತು. ಇಂದಿಗೂ ಇಥಿಯೋಪಿಯಾದಲ್ಲಿ ಅದು ‘ದಗುಸ’. ಪಶ್ಚಿಮ ಉಗಾಂಡಾದವರು ರಾಗಿ ಹಿಟ್ಟು ತೊಳಸಿ ‘ಕಾರೊ’ ಮಾಡಿ, ಕೈಯಲ್ಲೇ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಕೀನ್ಯಾದ ‘ಉಜಿ’ ನಮ್ಮ ಅಂಬಲಿಯ ಅಕ್ಕನೇ ಸರಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಈ ನೆಂಟಸ್ತಿಕೆಯನ್ನು ಮತ್ತೆ ಬೆಸೆದವರು ರಾಗಿ ಲಕ್ಷ್ಮಣಯ್ಯನವರು. ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಅವರು ತೆಗೆದ ತಳಿಗಳೇ ಇಂಡಾಫ್. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ರೈತರ ಬಾಯಲ್ಲಿ ಇಷ್ಟು ವರ್ಷ ಓಡಾಡಿದ ಈ ಹೆಸರಿನಲ್ಲಿ ಎರಡು ಖಂಡಗಳಿವೆ ಎನ್ನುವುದು ನೆನಪಾದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅದಕ್ಕೇ ಹೇಳುವುದು, ಮೊದಲ ವರ್ಷವನ್ನು ಇಲ್ಲೇ ಕಳೆಯಿರಿ. ‘ಎಸ್‌ಬಿಐ ಯೂತ್ ಫಾರ್ ಇಂಡಿಯಾ’ ಎಂಬ 13 ತಿಂಗಳ ಫೆಲೋಶಿಪ್ 2011ರಿಂದ ನಡೆಯುತ್ತಿದೆ. 21ರಿಂದ 32 ವರ್ಷದ ಪದವೀಧರರನ್ನು ಅನುಭವಸ್ಥ ಸ್ವಯಂಸೇವಾ ಸಂಸ್ಥೆಗಳ ಜೊತೆ ಹಳ್ಳಿಗೆ ಕಳಿಸುತ್ತಾರೆ. ಬೀಜ ಸಂಗ್ರಹವೋ, ಕೆರೆ ಕೆಲಸವೋ, ಸ್ತ್ರೀಶಕ್ತಿ ಸಂಘದ ಲೆಕ್ಕವೋ, ಒಂದನ್ನು ಸರಿಯಾಗಿ ಕಲಿಯಿರಿ. ಅನಂತರ ಯುಎನ್‌ವಿಗೆ ಬರೆಯುವ ಅರ್ಜಿಗೆ ತೂಕ ಬರುತ್ತದೆ. ವಯಸ್ಸು ಮಾತ್ರ ಲೆಕ್ಕದಲ್ಲಿರಲಿ.

ಮನೆಯವರ ಭಯ ಸುಳ್ಳಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಅನ್ನ-ನೀರಿಲ್ಲದೆ ಸಿಕ್ಕಿಬಿದ್ದರು. ‘ಆಪರೇಷನ್ ಕಾವೇರಿ’ಯಲ್ಲಿ ಅವರನ್ನು ಕರೆತರಲಾಯಿತು. ಆದರೆ ಆಫ್ರಿಕಾ ಎಂದರೆ 54 ದೇಶ, ಒಂದರ ಕಥೆ ಇನ್ನೊಂದಕ್ಕೆ ಹೊಂದದು. ದೇಶ ಯಾವುದೆಂದು ಗೊತ್ತಾದ ಮೇಲೆ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ. ಹೋದ ಕೂಡಲೇ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ. ಹಳದಿ ಜ್ವರ ಇರುವ ದೇಶವಾದರೆ ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಲಸಿಕೆ ಹಾಕಿಸಿಕೊಂಡು ಆ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ವಾಪಸು ಬರುವಾಗ ನಮ್ಮವರೂ ಕೇಳುತ್ತಾರೆ.

ಪಾಸ್‌ಪೋರ್ಟ್ ಇಲ್ಲದಿದ್ದರೆ ಈ ವಾರವೇ ಅರ್ಜಿ ಹಾಕಿ. ಅದು ಬರುವಷ್ಟರಲ್ಲಿ ಅಜ್ಜಿಯನ್ನು ಕೇಳಿ: ಇಂಡಾಫ್ ಬರುವ ಮುಂಚೆ ನಿಮ್ಮ ಹೊಲದಲ್ಲಿ ಯಾವ ರಾಗಿ ಇತ್ತು, ಅಕ್ಕಡಿ ಸಾಲಿಗೆ ಏನೇನು ಬಿತ್ತುತ್ತಿದ್ದರು? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಉಗಾಂಡಾದ ರೈತ ಹೆಂಗಸು ಮೊದಲು ಕೇಳುವುದು ಅದನ್ನೇ.