ಗಣಕಯಂತ್ರಗಳ ನಡುವೆ ಹೊರೆಯ ಹಂಚಿಕೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ರೈತನು ಬೆಳೆಸಾಲವನ್ನು ಕೇಳಹೋದರೆ ಪಹಣಿ ಬೇಕಾಗುವುದು. ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ‘ಭೂಮಿ’ ಯೋಜನೆಯು 2000ದ ಆಸುಪಾಸಿನ ವರ್ಷಗಳಲ್ಲಿ ಗಣಕಯಂತ್ರಕ್ಕೆ ಏರಿಸಿತು. ಮೊದಲು ಪ್ರತಿಯೊಂದು ತಾಲ್ಲೂಕು ಕಚೇರಿಯ ದಾಖಲೆಯೂ ಆ ಕಚೇರಿಯ ಯಂತ್ರದಲ್ಲಿಯೇ ಇದ್ದಿತು. ಇಂತಹ ಏರ್ಪಾಡಿನಲ್ಲಿ ಶಿಕಾರಿಪುರದ ಕಿಟಕಿಯ ಮುಂದೆ ಜನರು ಸಾಲುಗಟ್ಟಿ ನಿಂತಾಗ, ನೆರೆಯ ಸೊರಬದ ಯಂತ್ರವು ಬಿಡುವಾಗಿದ್ದರೂ ನೆರವಿಗೆ ಬರಲಾರದು. ಈ ತೊಡಕನ್ನು ಬಿಡಿಸುವ ಒಂದು ಉಪಾಯವನ್ನು ಈಗ ನೋಡೋಣ.

ಒಂದು ನಿಜವಾದ ಗಣಕದೊಳಗೆ, ತಂತ್ರಾಂಶದ ಬಲದಿಂದ, ಹಲವು ಕಲ್ಪಿತ ಗಣಕಗಳನ್ನು ನಡೆಸಬಹುದು. ಇವನ್ನೇ ವರ್ಚುಯಲ್ ಮೆಷಿನ್ ಎನ್ನುವರು. ಪ್ರತಿಯೊಂದೂ ತನಗೇ ಒಂದು ಯಂತ್ರವಿದೆಯೆಂಬಂತೆ ನಡೆದುಕೊಳ್ಳುವುದು. ಕಲ್ಪನೆಯೇನೂ ಹೊಸದಲ್ಲ, 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯು ಇದನ್ನು ಸಾಧಿಸಿತ್ತು. ನಡೆಯುತ್ತಿರುವ ಕಲ್ಪಿತ ಯಂತ್ರವನ್ನು ನಿಲ್ಲಿಸದೆ ಬೇರೊಂದು ಗಣಕಕ್ಕೆ ಸಾಗಿಸುವ ವಿದ್ಯೆಯನ್ನು ವಿಎಂವೇರ್ ಸಂಸ್ಥೆಯು 2003ರಲ್ಲಿ ಮಾರುಕಟ್ಟೆಗೆ ತಂದಿತು. ಆ ಸಾಗಾಟವನ್ನು ತಾನೇ ನಿರ್ಧರಿಸುವ ವ್ಯವಸ್ಥೆ 2006ರಲ್ಲಿ ಬಂದಿತು.

ಸಾಗಿಸುವ ಬಗೆ ಹೀಗೆ. ಯಂತ್ರವು ಕೆಲಸಮಾಡುತ್ತಿರುವಂತೆಯೇ ಅದರ ಸ್ಮೃತಿಯನ್ನು ಪುಟಪುಟವಾಗಿ ಹೊಸ ಗಣಕಕ್ಕೆ ನಕಲು ಮಾಡುವರು. ಅಷ್ಟರಲ್ಲಿ ಕೆಲವು ಪುಟಗಳು ಬದಲಾಗಿರುತ್ತವೆ. ಅವುಗಳನ್ನು ಮತ್ತೆ ನಕಲು ಮಾಡಬೇಕು. ಉಳಿಕೆ ಅತ್ಯಲ್ಪವಾದಾಗ ಯಂತ್ರವನ್ನು ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಕಡಿಮೆ ಕಾಲ ತಡೆದು, ಶೇಷವನ್ನು ದಾಟಿಸಿ, ಹೊಸ ನೆಲೆಯಲ್ಲಿ ಮುಂದುವರಿಸುವರು. ಎರಡೂ ಗಣಕಗಳು ಒಂದೇ ಸಾಮಾನ್ಯ ದಾಸ್ತಾನನ್ನು ಬಳಸುತ್ತಿದ್ದರೆ ಡಿಸ್ಕನ್ನು ಸಾಗಿಸುವ ಗೊಡವೆಯೇ ಇಲ್ಲ.

ಯಾವಾಗ ಸಾಗಿಸಬೇಕು? ವಾಚಕರು ಪೆನ್ಸಿಲ್ ಹಿಡಿಯಲಿ. ಮೂರು ಗಣಕಗಳ ಹೊರೆ ಶೇಕಡ 90, 30, 30 ಇದೆಯೆನ್ನೋಣ. ಸರಾಸರಿ 50, ಮಾನಕ ವಿಚಲನೆ ಸುಮಾರು 28. ಮೊದಲನೆಯದರಿಂದ 20ರ ಹೊರೆಯ ಒಂದು ಕಲ್ಪಿತ ಯಂತ್ರವನ್ನು ಎರಡನೆಯದಕ್ಕೆ ಕಳುಹಿಸಿದರೆ 70, 50, 30; ವಿಚಲನೆ ಸುಮಾರು 16. ಇನ್ನೊಂದು 20ನ್ನು ಮೂರನೆಯದಕ್ಕೆ ಕಳುಹಿಸಿದರೆ ಮೂರೂ ಸಮ, ವಿಚಲನೆ ಸೊನ್ನೆ.

ಅಂದವಾದ ಲೆಕ್ಕವೇನೋ ಹೌದು. ಆದರೆ ಎರಡನೆಯ ಸಾಗಾಟ ಬೇಕೇ? ಶೇಕಡ 70ರಲ್ಲಿ ಯಾರಿಗೂ ಕೊರತೆಯಿಲ್ಲದಿದ್ದರೆ ಸಮತೆಯಿಂದ ದೊರೆಯುವ ಲಾಭವೇನು? ನಕಲು ಮಾಡುವುದಕ್ಕೂ ಸಂಸ್ಕಾರಕದ ಶ್ರಮ ಬೇಕು, ಜಾಲದ ಜಾಗ ಬೇಕು. ಕೆರೆಯ ಕೋಡಿಯಲ್ಲಿ ನೀರು ತಾನಾಗಿ ಹರಿಯುವುದು. ಇಲ್ಲಿ ಪ್ರತಿಯೊಂದು ಹರಿವಿಗೂ ಬೆಲೆಯುಂಟು. ಆದುದರಿಂದಲೇ ವ್ಯವಸ್ಥೆಯು ಸಾಗಾಟದ ಲಾಭವನ್ನು ಅದರ ವೆಚ್ಚದೊಡನೆ ತೂಗಿನೋಡುವುದು. ವಿಎಂವೇರಿನ ಹಳೆಯ ವಿಧಾನವು ಐದು ನಿಮಿಷಕ್ಕೊಮ್ಮೆ ಗಣಕಗಳ ಹೊರೆಯ ಏರುಪೇರನ್ನು ಅಳೆಯುತ್ತಿತ್ತು. 2020ರಲ್ಲಿ ಬಂದ ವಿಧಾನವು ನಿಮಿಷಕ್ಕೊಮ್ಮೆ, ಒಂದೊಂದು ಕಲ್ಪಿತ ಯಂತ್ರಕ್ಕೂ ಬೇಕಾದುದು ದೊರೆಯುತ್ತಿದೆಯೇ ಎಂಬುದನ್ನೇ ಕೇಳುವುದು. ನಮ್ಮ ಎಣಿಕೆಯಲ್ಲಿ ಇದೇ ಸರಿಯಾದ ಪ್ರಶ್ನೆ.

ಒಂದೇ ಕಲ್ಪಿತ ಯಂತ್ರದ ಬೇಡಿಕೆಯು ನಿಜವಾದ ಗಣಕವೊಂದರ ಶಕ್ತಿಯನ್ನೇ ಮೀರಿದರೆ ಈ ಉಪಾಯ ಫಲಿಸದು. ಆಗ ಕೆಲಸವನ್ನೇ ಒಡೆದು ಹಲವು ಯಂತ್ರಗಳಿಗೆ ಕೊಡಬೇಕಾಗುವುದು.