ಪಾಳುಬಿದ್ದ ಚರ್ಚಿಗೆ ಹೊಸ ಬಳಕೆ: ಮೊದಲು ಮಾಡಬೇಕಾದ ಲೆಕ್ಕ

ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದ 13ನೇ ಶತಮಾನದ ಡೊಮಿನಿಕನ್ ಚರ್ಚು 2006ರಲ್ಲಿ ಪುಸ್ತಕದಂಗಡಿಯಾಯಿತು. ಹಳೆಯ ಚರ್ಚಿನಲ್ಲಿ ಉಳಿಸಬೇಕಾದದ್ದೇನು ಎಂದು ಗುರುತಿಸುವ ಕ್ರಮವನ್ನು ಅದರ ಉದಾಹರಣೆಯಿಂದಲೇ ಕಲಿಯೋಣ.

ಬೇಕಾಗುವವು: ಕಟ್ಟಡದ ನೆಲನಕ್ಷೆ, ಅಳತೆ ಟೇಪು, ಟಾರ್ಚು, ಕ್ಯಾಮೆರಾ, ಮೂರು ಬಣ್ಣದ ಪೆನ್ಸಿಲ್ಲು.

ಹಂತ 1: ಕಾಲಾನುಕ್ರಮ ಬರೆಯಿರಿ. ಹಳೆಯ ನಕ್ಷೆ, ಫೋಟೊ, ಚರ್ಚಿನ ದಾಖಲೆಪುಸ್ತಕ ಹುಡುಕಿ. ಕಟ್ಟಡಕ್ಕೆ ಕಾನೂನಿನ ರಕ್ಷಣೆ ಇದೆಯೇ ಎಂದೂ ತಿಳಿಯಿರಿ. ಪೂಜೆ ನಿಂತ ನಂತರದ ವರ್ಷಗಳನ್ನು ಬಿಡಬೇಡಿ. 1794ರಲ್ಲಿ ಫ್ರೆಂಚರು ಮಾಸ್ಟ್ರಿಕ್ಟ್ ಗೆದ್ದಮೇಲೆ ಈ ಚರ್ಚಿನಲ್ಲಿ ಪ್ರಾರ್ಥನೆ ನಿಂತಿತು. ಮುಂದೆ ಸೈಕಲ್ ನಿಲ್ಲಿಸುವ ಜಾಗವೂ ಆಗಿತ್ತು. ಅದೂ ಚರಿತ್ರೆಯೇ.

ಹಂತ 2: ಸುತ್ತಿ ನೋಡಿ. ಹೊರಗಿನಿಂದ ಒಳಕ್ಕೆ, ಮಾಡಿನಿಂದ ನೆಲಕ್ಕೆ ಬನ್ನಿ. ಯಾವ ಭಾಗ ಯಾವ ಕಾಲದ್ದೆಂದು ನಕ್ಷೆಯಲ್ಲೇ ಗುರುತಿಸಿ. ಸುಣ್ಣದ ಪದರದಡಿ ಚಿತ್ರವಿರಬಹುದು, ಕೆರೆಯಬೇಡಿ, ತಜ್ಞರನ್ನು ಕರೆಯಿರಿ.

ಹಂತ 3: ನಾಲ್ಕು ಪ್ರಶ್ನೆ ಕೇಳಿ. ಇಂಗ್ಲೆಂಡಿನ ಪರಂಪರೆ ಸಂಸ್ಥೆ 2008ರಲ್ಲಿ ಹಳೆಯ ತಾಣಗಳ ಮೌಲ್ಯಗಳನ್ನು ನಾಲ್ಕಾಗಿ ವಿಂಗಡಿಸಿತು. ಒಂದೊಂದಕ್ಕೂ ಒಂದು ಪ್ರಶ್ನೆ.
- ಪುರಾವೆ: ಗೋಡೆ, ನೆಲ ಹಿಂದಿನವರ ಬಗ್ಗೆ ಏನು ತಿಳಿಸಬಲ್ಲವು?
- ಚರಿತ್ರೆ: ಯಾವ ವ್ಯಕ್ತಿ, ಘಟನೆಯ ನಂಟಿದೆ? ಮಾಸ್ಟ್ರಿಕ್ಟ್ ಚರ್ಚಿನಲ್ಲಿ ಸಂತ ಥಾಮಸ್ ಅಕ್ವಿನಾಸರ 1337ರ ಭಿತ್ತಿಚಿತ್ರವಿದೆ.
- ಸೌಂದರ್ಯ: ಕಣ್ಣು ಎಲ್ಲಿ ನಿಲ್ಲುತ್ತದೆ? ಬರಿಯ ಎತ್ತರ, ಬೆಳಕೂ ಲೆಕ್ಕಕ್ಕೆ ಬರುತ್ತವೆ.
- ಸಮುದಾಯ: ಇಲ್ಲಿ ಮದುವೆಯಾದವರು, ಹಿರಿಯರನ್ನು ಮಣ್ಣುಮಾಡಿದವರು ಏನನ್ನುತ್ತಾರೆ? ಊಹಿಸಬೇಡಿ, ಹೋಗಿ ಕೇಳಿ.

ಹಂತ 4: ಬಣ್ಣ ಹಚ್ಚಿ. ಮುಟ್ಟಲೇಬಾರದ್ದಕ್ಕೆ ಕೆಂಪು, ಎಚ್ಚರದಿಂದ ಬದಲಿಸಬಹುದಾದದ್ದಕ್ಕೆ ಹಳದಿ, ತೆಗೆಯಬಹುದಾದದ್ದಕ್ಕೆ ಹಸಿರು. ಸ್ಥಿತಿಯನ್ನೂ ಮೌಲ್ಯವನ್ನೂ ಬೆರೆಸಬೇಡಿ: ಸೋರುವ ಮಾಡೂ ಕೆಂಪಾಗಬಹುದು, ಗಟ್ಟಿ ಸಿಮೆಂಟು ನೆಲ ಹಸಿರಾಗಬಹುದು.

ಹಂತ 5: ಹೊಸ ಬಳಕೆಯನ್ನು ನಕ್ಷೆಯ ಮೇಲಿಟ್ಟು ನೋಡಿ. ಮಾಸ್ಟ್ರಿಕ್ಟ್‌ನಲ್ಲಿ ಅಂಗಡಿಗೆ ನೆಲದ ಜಾಗ ಸಾಲದಾಯಿತು. ಉದ್ದಗಲಕ್ಕೂ ಮಹಡಿ ಹಾಸಿದ್ದರೆ ಚರ್ಚಿನ ಎತ್ತರವೇ ಮುಚ್ಚಿಹೋಗುತ್ತಿತ್ತು. ವಾಸ್ತುಶಿಲ್ಪಿಗಳು ಒಂದು ಪಕ್ಕದಲ್ಲಿ ಮಾತ್ರ ಉಕ್ಕಿನ ಬಹುಮಹಡಿ ಕಪಾಟು ನಿಲ್ಲಿಸಿ, ಉಳಿದ ಭಾಗವನ್ನು ಕಮಾನಿನವರೆಗೂ ತೆರೆದೇ ಬಿಟ್ಟರು. ನಿಮ್ಮ ಯೋಜನೆಯನ್ನೂ ಹೀಗೆ ಪರೀಕ್ಷಿಸಿ: ಕೆಂಪಿಗೆ ತಗುಲುತ್ತದೆಯೇ? ನಾಳೆ ಬಿಚ್ಚಿ ತೆಗೆದರೆ ಗೋಡೆಗೆ ಗಾಯವಾಗದೇ?

ಹಂತ 6: ಒಂದು ಪುಟ ಬರೆಯಿರಿ. ಏನು ಮುಖ್ಯ, ಏಕೆ, ಯಾರಿಗೆ ಎಂಬುದಿಷ್ಟೇ ಸಾಕು. ವಾಸ್ತುಶಿಲ್ಪಿ ಮೊದಲ ಗೆರೆ ಎಳೆಯುವ ಮುಂಚೆ ಅದು ಅವರ ಕೈಸೇರಲಿ. ಗೆರೆ ಎಳೆದಾದ ಮೇಲೆ ಬರೆದದ್ದು ಬರೀ ಸಮರ್ಥನೆಯಾಗುತ್ತದೆ.